ಭಾರತ ಸರ್ಕಾರದ ರಚನೆ ಮತ್ತು ಪದಾಧಿಕಾರಿಗಳ ಬದಲಾವಣೆ: ಸಾರ್ವಜನಿಕರ ಮಾಹಿತಿಗಾಗಿ

ಕೇಂದ್ರ ಸರ್ಕಾರದ ಕಛೇರಿಗಳಿಗೆ ಪಾಸ್‌ಪೋರ್ಟ್, ಪಿಂಚಣಿ ಮೊದಲಾದ ಸೇವೆಗಳಿಗಾಗಿ ಅರ್ಜಿ ಸಲ್ಲಿಸಿದವರಲ್ಲಿ, ಲೋಕಸಭಾ ಚುನಾವಣೆ ಘೋಷಣೆಯಾದಾಗ ಅಥವಾ ಮಂತ್ರಿಮಂಡಲ ರಾಜೀನಾಮೆ ನೀಡಿದಾಗ ಕೆಲವು ಸಂದೇಹಗಳು ಮೂಡುವುದು ಸಹಜ. ಸಲ್ಲಿಸಿದ ಅರ್ಜಿ ಮುಂದೆಯೂ ಊರ್ಜಿತವಾಗಿರುತ್ತದೆಯೇ, ಹಿಂದಿನ ಸಚಿವರ ಅವಧಿಯಲ್ಲಿ ಹೊರಟ ಆದೇಶ ನಡೆಯುತ್ತದೆಯೇ, ಹೊಸಬರು ಬರುವವರೆಗೆ ಸರ್ಕಾರವನ್ನು ನಡೆಸುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಭಾರತ ಸಂವಿಧಾನದಲ್ಲಿಯೇ ಇದೆ. ಕೇಂದ್ರ ಸರ್ಕಾರದ ರಚನೆ ಹೇಗಿದೆ, ಅದರ ಉನ್ನತ ಸ್ಥಾನಗಳು ತೆರವಾದಾಗ ಆ ಸ್ಥಾನಗಳನ್ನು ಹೇಗೆ ತುಂಬಲಾಗುತ್ತದೆ ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಆದೇಶಗಳು ಯಾರ ಹೆಸರಿನಲ್ಲಿ ಹೊರಡುತ್ತವೆ

ಸಂವಿಧಾನದ 53ನೇ ಅನುಚ್ಛೇದದಂತೆ ಕೇಂದ್ರದ ಕಾರ್ಯಾಂಗದ ಅಧಿಕಾರವು ರಾಷ್ಟ್ರಪತಿಯವರಲ್ಲಿ ನಿಹಿತವಾಗಿದೆ. 77ನೇ ಅನುಚ್ಛೇದದಂತೆ ಭಾರತ ಸರ್ಕಾರದ ಎಲ್ಲ ಕಾರ್ಯಾಂಗ ಕ್ರಮಗಳನ್ನು ರಾಷ್ಟ್ರಪತಿಯವರ ಹೆಸರಿನಲ್ಲಿಯೇ ವ್ಯಕ್ತಪಡಿಸತಕ್ಕದ್ದು. ಪಾಸ್‌ಪೋರ್ಟ್ ಹೊಂದಿರುವವರು ಇದನ್ನು ತಮ್ಮ ಕೈಯಲ್ಲಿರುವ ಪುಸ್ತಿಕೆಯಲ್ಲಿಯೇ ಕಾಣಬಹುದು. ಪಾಸ್‌ಪೋರ್ಟುದಾರರಿಗೆ ಅಡೆತಡೆಯಿಲ್ಲದೆ ಸಂಚರಿಸಲು ಅವಕಾಶ ಕೊಡಬೇಕೆಂಬ ಕೋರಿಕೆ ಅದರಲ್ಲಿ ಭಾರತ ಗಣರಾಜ್ಯದ ರಾಷ್ಟ್ರಪತಿಯವರ ಹೆಸರಿನಲ್ಲಿದೆ. ಆಗ ಅಧಿಕಾರದಲ್ಲಿದ್ದ ಪ್ರಧಾನಮಂತ್ರಿಯವರ ಅಥವಾ ವಿದೇಶಾಂಗ ಸಚಿವರ ಹೆಸರು ಎಲ್ಲಿಯೂ ಇರುವುದಿಲ್ಲ. ಸರ್ಕಾರ ಮಾಡಿಕೊಳ್ಳುವ ಕರಾರುಗಳೂ 299ನೇ ಅನುಚ್ಛೇದದ ಮೇರೆಗೆ ರಾಷ್ಟ್ರಪತಿಯವರ ಹೆಸರಿನಲ್ಲಿ ಆಗುತ್ತವೆ. ಸಹಿ ಮಾಡಿದ ಅಧಿಕಾರಿಯಾಗಲಿ, ಸ್ವತಃ ರಾಷ್ಟ್ರಪತಿಯವರಾಗಲಿ ಅದಕ್ಕೆ ವೈಯಕ್ತಿಕವಾಗಿ ಹೊಣೆಯಾಗುವುದಿಲ್ಲ.

ಇಲ್ಲಿ ಹೆಸರು ಎಂದರೆ ಸ್ಥಾನದ ಹೆಸರು, ವ್ಯಕ್ತಿಯದಲ್ಲ. ಆದುದರಿಂದ ಒಬ್ಬ ರಾಷ್ಟ್ರಪತಿಯವರ ಅವಧಿಯಲ್ಲಿ ನೀಡಿದ ಪಾಸ್‌ಪೋರ್ಟ್ ಅಥವಾ ಪಿಂಚಣಿ ಮಂಜೂರಾತಿ ಆದೇಶವು ಮತ್ತೊಬ್ಬರು ಬಂದ ಮಾತ್ರಕ್ಕೆ ರದ್ದಾಗುವುದಿಲ್ಲ. ಮಂತ್ರಿಮಂಡಲ ಬದಲಾದಾಗಲೂ ಇದೇ ನಿಯಮ. ಪತ್ರಿಕೆಗಳಲ್ಲಿ “ಸರ್ಕಾರ ಬಿದ್ದಿತು” ಎಂದು ಓದುವಾಗ, ಬಿದ್ದದ್ದು ಮಂತ್ರಿಮಂಡಲ ಮಾತ್ರ ಎಂದು ತಿಳಿಯತಕ್ಕದ್ದು. ಇಲಾಖೆಗಳು, ಕಛೇರಿಗಳು, ಕಡತಗಳು ಇದ್ದಲ್ಲಿಯೇ ಇರುತ್ತವೆ.

ಸರ್ಕಾರದ ರಚನೆ, ಸ್ಥೂಲವಾಗಿ

ರಾಷ್ಟ್ರಪತಿಯವರಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯವರ ನೇತೃತ್ವದ ಮಂತ್ರಿಮಂಡಲವಿರುತ್ತದೆ (74ನೇ ಅನುಚ್ಛೇದ). ಈ ಸಲಹೆಗೆ ರಾಷ್ಟ್ರಪತಿಯವರು ಬದ್ಧರೆಂಬುದನ್ನು 1976ರ 42ನೇ ತಿದ್ದುಪಡಿಯು ಸ್ಪಷ್ಟ ಮಾತುಗಳಲ್ಲಿ ಸೇರಿಸಿತು. 1978ರ 44ನೇ ತಿದ್ದುಪಡಿಯ ನಂತರ ರಾಷ್ಟ್ರಪತಿಯವರು ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಮರುಪರಿಶೀಲನೆಯಾಗಿ ಬಂದ ಸಲಹೆಯಂತೆ ನಡೆಯತಕ್ಕದ್ದು.

ಮಂತ್ರಿಮಂಡಲದಲ್ಲಿ ಸಂಪುಟ ದರ್ಜೆಯ ಸಚಿವರು, ಸ್ವತಂತ್ರ ಹೊಣೆಯುಳ್ಳ ರಾಜ್ಯ ಸಚಿವರು ಮತ್ತು ರಾಜ್ಯ ಸಚಿವರು ಇರುತ್ತಾರೆ. 2003ರ 91ನೇ ತಿದ್ದುಪಡಿಯಂತೆ ಪ್ರಧಾನಮಂತ್ರಿಯವರೂ ಸೇರಿ ಸಚಿವರ ಸಂಖ್ಯೆಯು ಲೋಕಸಭೆಯ ಒಟ್ಟು ಸದಸ್ಯರ ಶೇಕಡ 15ನ್ನು ಮೀರುವಂತಿಲ್ಲ. 543 ಸದಸ್ಯರ ಸಭೆಗೆ ಇದು 81 ಆಗುತ್ತದೆ. 2024ರ ಜೂನ್ 9ರಂದು ಪ್ರಮಾಣವಚನ ಸ್ವೀಕರಿಸಿದ ಮಂತ್ರಿಮಂಡಲದಲ್ಲಿ ಪ್ರಧಾನಮಂತ್ರಿಯವರೂ ಸೇರಿ 72 ಮಂದಿ ಇದ್ದರು.

ಯಾವ ವಿಷಯ ಯಾವ ಸಚಿವಾಲಯಕ್ಕೆ ಸೇರಿದ್ದು, ಕಡತ ಯಾವ ಹಂತದಲ್ಲಿ ಯಾರ ತೀರ್ಮಾನಕ್ಕೆ ಹೋಗಬೇಕು ಎಂಬುದನ್ನು 1961ರ ಕಾರ್ಯ ಹಂಚಿಕೆ ನಿಯಮಗಳು ಮತ್ತು ಕಾರ್ಯ ನಿರ್ವಹಣಾ ನಿಯಮಗಳು ನಿರ್ಧರಿಸುತ್ತವೆ. ಸಚಿವಾಲಯದ ಆಡಳಿತ ಮುಖ್ಯಸ್ಥರು ಕಾರ್ಯದರ್ಶಿಯವರು. ಅವರೂ ಅವರ ಕೈಕೆಳಗಿನ ಅಧಿಕಾರಿ, ಸಿಬ್ಬಂದಿಯೂ ಮಂತ್ರಿಮಂಡಲದೊಂದಿಗೆ ಬಂದು ಅದರೊಂದಿಗೆ ಹೋಗುವವರಲ್ಲ. ಅರ್ಜಿಗಳ ವಿಲೇವಾರಿಯ ಬಹುಪಾಲು ನಡೆಯುವುದು ಇವರ ಹಂತದಲ್ಲಿ.

ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಹೊಣೆಯಾಗಿರುತ್ತದೆ. ಲೋಕಸಭೆಯ ಅವಧಿ ಐದು ವರ್ಷ. ಕರ್ನಾಟಕದಿಂದ ಅದಕ್ಕೆ 28 ಸದಸ್ಯರು ಚುನಾಯಿತರಾಗುತ್ತಾರೆ. ರಾಜ್ಯಸಭೆಗೆ ಕರ್ನಾಟಕದ ಪಾಲು 12. ರಾಜ್ಯಸಭೆಯು ವಿಸರ್ಜನೆಯಿಲ್ಲದ ಸದನ. ಅದರ ಸದಸ್ಯರಲ್ಲಿ ಮೂರನೇ ಒಂದರಷ್ಟು ಮಂದಿ ಎರಡು ವರ್ಷಕ್ಕೊಮ್ಮೆ ನಿವೃತ್ತರಾಗುತ್ತಾರೆ.

ರಾಷ್ಟ್ರಪತಿಯವರ ಆಯ್ಕೆ

ರಾಷ್ಟ್ರಪತಿಯವರನ್ನು ಜನರು ನೇರವಾಗಿ ಆರಿಸುವುದಿಲ್ಲ. ಸಂಸತ್ತಿನ ಎರಡೂ ಸದನಗಳ ಚುನಾಯಿತ ಸದಸ್ಯರು, ರಾಜ್ಯಗಳ ವಿಧಾನಸಭೆಗಳ ಹಾಗೂ ದೆಹಲಿ, ಪುದುಚೇರಿ ವಿಧಾನಸಭೆಗಳ ಚುನಾಯಿತ ಸದಸ್ಯರು ಮತದಾರರು. ನಾಮನಿರ್ದೇಶಿತ ಸದಸ್ಯರಿಗೂ ವಿಧಾನ ಪರಿಷತ್ತಿನ ಸದಸ್ಯರಿಗೂ ಮತವಿಲ್ಲ.

ಎಲ್ಲ ಶಾಸಕರ ಮತಕ್ಕೆ ಒಂದೇ ಮೌಲ್ಯವಿಲ್ಲ ಎಂಬುದು ಈ ಚುನಾವಣೆಯ ವಿಶೇಷ. 1971ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ 1000ದಿಂದ ಭಾಗಿಸಿದರೆ ಒಬ್ಬ ಶಾಸಕರ ಮತಮೌಲ್ಯ ದೊರೆಯುತ್ತದೆ. ಕರ್ನಾಟಕದ ಶಾಸಕರ ಮತಮೌಲ್ಯ 131; 224 ಶಾಸಕರಿಂದ ರಾಜ್ಯದ ಒಟ್ಟು ಮೌಲ್ಯ 29,344. ಉತ್ತರ ಪ್ರದೇಶದ ಶಾಸಕರ ಮತಮೌಲ್ಯ 208, ಸಿಕ್ಕಿಂನದು 7. ಎಲ್ಲ ಶಾಸಕರ ಒಟ್ಟು ಮೌಲ್ಯವನ್ನು ಚುನಾಯಿತ ಸಂಸದರ ಸಂಖ್ಯೆಯಿಂದ ಭಾಗಿಸಿ ಸಂಸದರ ಮತಮೌಲ್ಯವನ್ನು ನಿಗದಿಪಡಿಸಲಾಗುತ್ತದೆ. 2017ರಲ್ಲಿ ಇದು 708 ಇದ್ದಿತು. 2022ರಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ವಿಧಾನಸಭೆ ಇಲ್ಲದಿದ್ದುದರಿಂದ 700ಕ್ಕೆ ಇಳಿಯಿತು.

ಉಪರಾಷ್ಟ್ರಪತಿಯವರ ಚುನಾವಣೆಯಲ್ಲಿ ಸಂಸತ್ತಿನ ಸದಸ್ಯರು ಮಾತ್ರ ಮತದಾರರು. ಆದರೆ ಅಲ್ಲಿ ನಾಮನಿರ್ದೇಶಿತ ಸದಸ್ಯರಿಗೂ ಮತವಿದೆ, ಎಲ್ಲರ ಮತಕ್ಕೂ ಸಮಾನ ಮೌಲ್ಯವಿದೆ. ಎರಡೂ ಚುನಾವಣೆಗಳನ್ನು ನಡೆಸುವುದು ಭಾರತ ಚುನಾವಣಾ ಆಯೋಗ. ವಿವಾದಗಳನ್ನು ತೀರ್ಮಾನಿಸುವುದು ಸರ್ವೋಚ್ಚ ನ್ಯಾಯಾಲಯ.

ರಾಷ್ಟ್ರಪತಿ ಸ್ಥಾನ ತೆರವಾದಾಗ

ರಾಷ್ಟ್ರಪತಿಯವರ ಪದಾವಧಿ ಐದು ವರ್ಷ. ಅವಧಿ ಮುಗಿದರೂ ಉತ್ತರಾಧಿಕಾರಿಯು ಅಧಿಕಾರ ವಹಿಸಿಕೊಳ್ಳುವವರೆಗೆ ಅವರೇ ಮುಂದುವರಿಯುತ್ತಾರೆ. ರಾಜೀನಾಮೆ ನೀಡಬಯಸಿದಲ್ಲಿ ಅದನ್ನು ಉಪರಾಷ್ಟ್ರಪತಿಯವರಿಗೆ ಬರೆದು ಕೊಡಬೇಕು. ಉಪರಾಷ್ಟ್ರಪತಿಯವರು ಅದನ್ನು ಲೋಕಸಭಾಧ್ಯಕ್ಷರಿಗೆ ಕೂಡಲೇ ತಿಳಿಸುತ್ತಾರೆ. ಸಂವಿಧಾನದ ಉಲ್ಲಂಘನೆಗಾಗಿ ರಾಷ್ಟ್ರಪತಿಯವರನ್ನು ಮಹಾಭಿಯೋಗದ ಮೂಲಕ ತೆಗೆದುಹಾಕಲು 61ನೇ ಅನುಚ್ಛೇದದಲ್ಲಿ ಅವಕಾಶವಿದೆ. ಒಂದು ಸದನದ ಒಟ್ಟು ಸದಸ್ಯರಲ್ಲಿ ಕನಿಷ್ಠ ನಾಲ್ಕನೇ ಒಂದರಷ್ಟು ಮಂದಿ ಸಹಿ ಮಾಡಿದ 14 ದಿನಗಳ ನೋಟೀಸು, ಅನಂತರ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಮೂರನೇ ಎರಡರಷ್ಟು ಬಹುಮತ ಇದಕ್ಕೆ ಬೇಕು. ಇದುವರೆಗೆ ಯಾವ ರಾಷ್ಟ್ರಪತಿಯವರನ್ನೂ ಹೀಗೆ ತೆಗೆದುಹಾಕಿಲ್ಲ.

ಮರಣ, ರಾಜೀನಾಮೆ ಅಥವಾ ಅನ್ಯ ಕಾರಣದಿಂದ ಸ್ಥಾನ ತೆರವಾದಲ್ಲಿ 65ನೇ ಅನುಚ್ಛೇದದಂತೆ ಉಪರಾಷ್ಟ್ರಪತಿಯವರು ರಾಷ್ಟ್ರಪತಿಯಾಗಿ ಕಾರ್ಯ ನಿರ್ವಹಿಸುತ್ತಾರೆ. ಆದರೆ ಉಳಿದ ಅವಧಿಯುದ್ದಕ್ಕೂ ಅಲ್ಲ. ಆರು ತಿಂಗಳೊಳಗೆ ಚುನಾವಣೆ ನಡೆಯತಕ್ಕದ್ದು, ಚುನಾಯಿತರಾದವರಿಗೆ ಪೂರ್ಣ ಐದು ವರ್ಷದ ಅವಧಿ ದೊರೆಯತಕ್ಕದ್ದು. ಈ ವ್ಯವಸ್ಥೆ ಎರಡು ಬಾರಿ ಬಳಕೆಗೆ ಬಂದಿದೆ.

ಮೊದಲನೆಯದು 1969ರಲ್ಲಿ. ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅವರು ಮೇ 3ರಂದು ನಿಧನರಾದಾಗ ಉಪರಾಷ್ಟ್ರಪತಿ ವಿ.ವಿ. ಗಿರಿಯವರು ಹಂಗಾಮಿಯಾಗಿ ಕಾರ್ಯಭಾರ ವಹಿಸಿಕೊಂಡರು. ಆದರೆ ಅವರು ಸ್ವತಃ ರಾಷ್ಟ್ರಪತಿ ಚುನಾವಣೆಗೆ ಸ್ಪರ್ಧಿಸಲು ಜುಲೈ 20ರಂದು ರಾಜೀನಾಮೆ ನೀಡಿದರು. ರಾಷ್ಟ್ರಪತಿಯವರೂ ಇಲ್ಲ, ಉಪರಾಷ್ಟ್ರಪತಿಯವರೂ ಇಲ್ಲ ಎಂಬ ಸ್ಥಿತಿಗೆ ಸಂವಿಧಾನದಲ್ಲಿ ನೇರ ಉತ್ತರವಿರಲಿಲ್ಲ; ಅಂತಹ ಸಂದರ್ಭಕ್ಕೆ ಸಂಸತ್ತು ಏರ್ಪಾಡು ಮಾಡಬಹುದು ಎಂದಷ್ಟೇ 70ನೇ ಅನುಚ್ಛೇದ ಹೇಳುತ್ತದೆ. ಅದರಂತೆ ಅದೇ ವರ್ಷ ಜಾರಿಗೆ ಬಂದ ಅಧಿನಿಯಮದ ಮೇರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಅವರು ಆಗಸ್ಟ್ 24ರವರೆಗೆ ರಾಷ್ಟ್ರಪತಿಯವರ ಕಾರ್ಯಗಳನ್ನು ನಿರ್ವಹಿಸಿದರು. ಮುಖ್ಯ ನ್ಯಾಯಮೂರ್ತಿಯವರೂ ಇಲ್ಲದಿದ್ದಲ್ಲಿ ಸರ್ವೋಚ್ಚ ನ್ಯಾಯಾಲಯದ ಅತ್ಯಂತ ಹಿರಿಯ ನ್ಯಾಯಮೂರ್ತಿಗಳು ಈ ಹೊಣೆ ಹೊರುತ್ತಾರೆ. ಚುನಾವಣೆಯಲ್ಲಿ ಗೆದ್ದ ಗಿರಿಯವರು ಅದೇ ಆಗಸ್ಟ್ 24ರಂದು ರಾಷ್ಟ್ರಪತಿಯಾಗಿ ಅಧಿಕಾರ ಸ್ವೀಕರಿಸಿದರು.

ಎರಡನೆಯ ಸಂದರ್ಭವು ಕನ್ನಡಿಗರಿಗೆ ಹೆಚ್ಚು ಪರಿಚಿತ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು ನಿಧನರಾದಾಗ ಉಪರಾಷ್ಟ್ರಪತಿಯಾಗಿದ್ದವರು, ಜಮಖಂಡಿ ತಾಲ್ಲೂಕಿನ ಸಾವಳಗಿಯವರೂ ಹಿಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದವರೂ ಆದ ಬಿ.ಡಿ. ಜತ್ತಿಯವರು. ಅವರು ಜುಲೈ 25ರವರೆಗೆ, ಅಂದರೆ ಆರು ತಿಂಗಳ ಗಡುವಿಗೆ ಕೆಲವೇ ದಿನಗಳು ಉಳಿದಿರುವವರೆಗೆ, ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಆ ಅವಧಿ ಸಾಮಾನ್ಯವಾದುದಾಗಿರಲಿಲ್ಲ. ಲೋಕಸಭಾ ಚುನಾವಣೆ ನಡೆದು ಕೇಂದ್ರದಲ್ಲಿ ಮೊದಲ ಬಾರಿಗೆ ಆಡಳಿತ ಪಕ್ಷ ಸೋತಿತು. ಮಾರ್ಚ್ 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಬೋಧಿಸಿದವರು ಜತ್ತಿಯವರೇ. ಏಪ್ರಿಲ್ ಕೊನೆಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳ ವಿಸರ್ಜನೆಗೆ ಹೊಸ ಮಂತ್ರಿಮಂಡಲ ಸಲಹೆ ನೀಡಿದಾಗ ಅವರು ತಕ್ಷಣ ಸಹಿ ಮಾಡಲಿಲ್ಲ, ಅನಂತರ ಮಾಡಿದರು. ಹಂಗಾಮಿಯಾಗಿದ್ದರೂ ರಾಷ್ಟ್ರಪತಿಯವರ ಎಲ್ಲ ಅಧಿಕಾರಗಳೂ ಅವರಿಗಿರುತ್ತವೆ. ಮಂತ್ರಿಮಂಡಲದ ಸಲಹೆಗೆ ಬದ್ಧರಾಗಿರುವ ಕಟ್ಟುಪಾಡೂ ಅಷ್ಟೇ ಇರುತ್ತದೆ.

ಆ ವರ್ಷ ಜುಲೈ 25ರಂದು ನೀಲಂ ಸಂಜೀವ ರೆಡ್ಡಿಯವರು ಅಧಿಕಾರ ಸ್ವೀಕರಿಸಿದರು. ಅಲ್ಲಿಂದ 2022ರಲ್ಲಿ ಶ್ರೀಮತಿ ದ್ರೌಪದಿ ಮುರ್ಮು ಅವರವರೆಗೆ ಪ್ರತಿಯೊಬ್ಬ ರಾಷ್ಟ್ರಪತಿಯವರೂ ಪ್ರಮಾಣವಚನ ಸ್ವೀಕರಿಸಿರುವುದು ಜುಲೈ 25ರಂದೇ. ಇದು ಕಾನೂನಿನಲ್ಲಿರುವ ದಿನಾಂಕವಲ್ಲ. ಈ ನಡುವೆ ಯಾರ ಅವಧಿಯೂ ಅರ್ಧಕ್ಕೆ ನಿಲ್ಲದಿದ್ದುದರ ಫಲ.

ಉಪರಾಷ್ಟ್ರಪತಿ ಸ್ಥಾನ ತೆರವಾದರೆ ಹಂಗಾಮಿಯಾಗಿ ಯಾರೂ ಬರುವುದಿಲ್ಲ. ರಾಜ್ಯಸಭೆಯ ಅಧ್ಯಕ್ಷತೆಯನ್ನು ಉಪಸಭಾಪತಿಯವರು ವಹಿಸುತ್ತಾರೆ, ಚುನಾವಣೆಯನ್ನು ಸಾಧ್ಯವಾದಷ್ಟು ಬೇಗನೆ ನಡೆಸಬೇಕು. 2025ರ ಜುಲೈ 21ರಂದು ಶ್ರೀ ಜಗದೀಪ್ ಧನಕರ್ ಅವರು ರಾಜೀನಾಮೆ ನೀಡಿದ ಬಳಿಕ ಸೆಪ್ಟೆಂಬರ್ 9ರಂದು ಚುನಾವಣೆ ನಡೆದು, 12ರಂದು ಶ್ರೀ ಸಿ.ಪಿ. ರಾಧಾಕೃಷ್ಣನ್ ಅವರು ಪ್ರಮಾಣವಚನ ಸ್ವೀಕರಿಸಿದರು.

ಪ್ರಧಾನಮಂತ್ರಿಯವರ ನೇಮಕ ಮತ್ತು ಬದಲಾವಣೆ

ಪ್ರಧಾನಮಂತ್ರಿಯವರಿಗೆ ಸಂವಿಧಾನದಲ್ಲಿ ನಿಗದಿತ ಪದಾವಧಿ ಇಲ್ಲ. ಲೋಕಸಭೆಯ ಬಹುಮತದ ವಿಶ್ವಾಸ ಹೊಂದಬಲ್ಲವರನ್ನು ರಾಷ್ಟ್ರಪತಿಯವರು ಪ್ರಧಾನಮಂತ್ರಿಯಾಗಿ ನೇಮಿಸುತ್ತಾರೆ. ಇತರ ಸಚಿವರನ್ನು ಪ್ರಧಾನಮಂತ್ರಿಯವರ ಸಲಹೆಯ ಮೇರೆಗೆ ನೇಮಿಸುತ್ತಾರೆ. ಸಂಸತ್ತಿನ ಸದಸ್ಯರಲ್ಲದವರೂ ಸಚಿವರಾಗಬಹುದು, ಆದರೆ ಆರು ತಿಂಗಳೊಳಗೆ ಒಂದಲ್ಲ ಒಂದು ಸದನಕ್ಕೆ ಬರಬೇಕು. ಈ ನಿಯಮ ಪ್ರಧಾನಮಂತ್ರಿಯವರಿಗೂ ಅನ್ವಯಿಸುತ್ತದೆ. 1996ರ ಜೂನ್ 1ರಂದು ಪ್ರಧಾನಮಂತ್ರಿಯಾದಾಗ ಶ್ರೀ ಎಚ್.ಡಿ. ದೇವೇಗೌಡರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದರು, ಸಂಸತ್ತಿನ ಸದಸ್ಯರಾಗಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಬಂದರು.

ಪ್ರಧಾನಮಂತ್ರಿಯವರು ಮರಣ ಹೊಂದಿದರೆ ಅಥವಾ ರಾಜೀನಾಮೆ ನೀಡಿದರೆ ಇಡೀ ಮಂತ್ರಿಮಂಡಲವೇ ಕೊನೆಗೊಳ್ಳುತ್ತದೆ. ಒಬ್ಬ ಸಚಿವರು ಹೊರನಡೆದಾಗ ಅವರ ಖಾತೆಯನ್ನು ಮತ್ತೊಬ್ಬರಿಗೆ ವಹಿಸಿದರೆ ಸಾಕು. ಪ್ರಧಾನಮಂತ್ರಿಯವರ ವಿಷಯದಲ್ಲಿ ಹಾಗಲ್ಲ. ಅಚ್ಚರಿಯೆನಿಸಬಹುದಾದರೂ, ಉಪಪ್ರಧಾನಿ ಎಂಬ ಸ್ಥಾನವಾಗಲಿ ಹಂಗಾಮಿ ಪ್ರಧಾನಿ ಎಂಬ ಸ್ಥಾನವಾಗಲಿ ಸಂವಿಧಾನದಲ್ಲಿಲ್ಲ. 1964ರ ಮೇ 27ರಂದು ಜವಾಹರಲಾಲ್ ನೆಹರೂ ಅವರು ನಿಧನರಾದ ದಿನವೇ ಗೃಹ ಸಚಿವ ಗುಲ್ಜಾರಿಲಾಲ್ ನಂದಾ ಅವರಿಗೆ ಪ್ರಧಾನಮಂತ್ರಿಯಾಗಿ ಪ್ರಮಾಣವಚನ ಬೋಧಿಸಲಾಯಿತು. ಪಕ್ಷವು ನಾಯಕರನ್ನು ಆರಿಸಿದ ಮೇಲೆ ಜೂನ್ 9ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಬಂದರು. ಶಾಸ್ತ್ರಿಯವರು 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ನಿಧನರಾದಾಗಲೂ ನಂದಾ ಅವರೇ ಜನವರಿ 24ರವರೆಗೆ, ಶ್ರೀಮತಿ ಇಂದಿರಾ ಗಾಂಧಿಯವರು ಬರುವವರೆಗೆ, ಹೊಣೆ ಹೊತ್ತರು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾದಾಗ ಈ ಪದ್ಧತಿ ನಡೆಯಲಿಲ್ಲ; ಅದೇ ದಿನ ಸಂಜೆ ರಾಜೀವ್ ಗಾಂಧಿಯವರು ನೇರವಾಗಿ ಪ್ರಮಾಣವಚನ ಸ್ವೀಕರಿಸಿದರು. ಕ್ರಮ ಬೇರೆಯಾದರೂ ಈ ಮೂರೂ ಸಂದರ್ಭಗಳಲ್ಲಿ ಮಂತ್ರಿಮಂಡಲವಿಲ್ಲದ ಒಂದು ದಿನವೂ ಬರಗೊಡಲಿಲ್ಲ.

ರಾಜ್ಯಗಳಲ್ಲಿ ಸರ್ಕಾರ ರಚನೆ ಸಾಧ್ಯವಾಗದಿದ್ದಲ್ಲಿ 356ನೇ ಅನುಚ್ಛೇದದಂತೆ ರಾಷ್ಟ್ರಪತಿ ಆಳ್ವಿಕೆ ಬರಬಹುದು. ಕೇಂದ್ರಕ್ಕೆ ಅಂತಹ ಅವಕಾಶವಿಲ್ಲ. ಲೋಕಸಭೆ ವಿಸರ್ಜನೆಯಾದ ಮೇಲೂ ರಾಷ್ಟ್ರಪತಿಯವರಿಗೆ ಸಲಹೆ ನೀಡಲು ಮಂತ್ರಿಮಂಡಲ ಇರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ಯು.ಎನ್.ಆರ್. ರಾವ್ ಪ್ರಕರಣದಲ್ಲಿ 1971ರಲ್ಲಿ ತೀರ್ಪಿತ್ತಿದೆ. ರಾಜೀನಾಮೆ ಅಂಗೀಕರಿಸುವಾಗ ಬದಲಿ ವ್ಯವಸ್ಥೆಯಾಗುವವರೆಗೆ ಮುಂದುವರಿಯಿರಿ ಎಂದು ರಾಷ್ಟ್ರಪತಿಯವರು ಸೂಚಿಸುವುದು ಇದೇ ಕಾರಣದಿಂದ.

ಲೋಕಸಭೆಯ ವಿಶ್ವಾಸ

ಲೋಕಸಭೆಯ ಕಾರ್ಯವಿಧಾನ ನಿಯಮ 198ರಂತೆ ಅವಿಶ್ವಾಸ ಗೊತ್ತುವಳಿಗೆ ಕನಿಷ್ಠ 50 ಸದಸ್ಯರ ಬೆಂಬಲ ಬೇಕು. ಅನುಮತಿ ದೊರೆತ ಹತ್ತು ದಿನಗಳೊಳಗೆ ಅದು ಚರ್ಚೆಗೆ ಬರಬೇಕು. ಇಂತಹ ಮೊದಲ ಗೊತ್ತುವಳಿಯನ್ನು 1963ರಲ್ಲಿ ಜೆ.ಬಿ. ಕೃಪಲಾನಿಯವರು ಮಂಡಿಸಿದರು, ಅದಕ್ಕೆ ಸೋಲಾಯಿತು. ಪ್ರಧಾನಮಂತ್ರಿಗಳು ಸದನದಲ್ಲಿ ಸೋತಿರುವುದು ತಾವೇ ಕೋರಿದ ವಿಶ್ವಾಸಮತದಲ್ಲಿ: 1990ರ ನವೆಂಬರ್ 7ರಂದು ವಿ.ಪಿ. ಸಿಂಗ್, 1997ರ ಏಪ್ರಿಲ್ 11ರಂದು ಎಚ್.ಡಿ. ದೇವೇಗೌಡ, 1999ರ ಏಪ್ರಿಲ್ 17ರಂದು ಅಟಲ್ ಬಿಹಾರಿ ವಾಜಪೇಯಿ. ಕೊನೆಯದರಲ್ಲಿ ಪರವಾಗಿ 269, ವಿರುದ್ಧವಾಗಿ 270 ಮತಗಳು ಬಿದ್ದವು.

ಬಹುಮತವಿದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದುದು ಸದನದಲ್ಲಿಯೇ ಎಂಬ ತತ್ತ್ವಕ್ಕೆ ಗಟ್ಟಿಯಾದ ಕಾನೂನಿನ ನೆಲೆ ದೊರೆತದ್ದು ಕರ್ನಾಟಕದ ಪ್ರಕರಣವೊಂದರಿಂದ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶ ನೀಡದೆ ವಜಾ ಮಾಡಲಾಗಿತ್ತು. 1994ರ ಮಾರ್ಚ್ 11ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಈ ತತ್ತ್ವವನ್ನು ಎತ್ತಿಹಿಡಿಯಿತು.

1999ರಲ್ಲಿ ಸೋತ ಮಂತ್ರಿಮಂಡಲವು ಅಕ್ಟೋಬರ್ 13ರಂದು ಹೊಸದು ಬರುವವರೆಗೆ, ಸುಮಾರು ಆರು ತಿಂಗಳು, ಮುಂದುವರಿಯಿತು. ಕಾರ್ಗಿಲ್ ಯುದ್ಧ ನಡೆದದ್ದು ಈ ಅವಧಿಯಲ್ಲಿ. ಉಸ್ತುವಾರಿ ಸರ್ಕಾರ ಎಂಬ ಮಾತು ಸಂವಿಧಾನದಲ್ಲಿ ಎಲ್ಲಿಯೂ ಇಲ್ಲ. ಇಂತಹ ಸರ್ಕಾರವು ದೂರಗಾಮಿ ಪರಿಣಾಮದ ಹೊಸ ನೀತಿ ನಿರ್ಧಾರಗಳನ್ನು ಕೈಗೊಳ್ಳಬಾರದು ಎಂಬುದು ಸಂಪ್ರದಾಯವೇ ಹೊರತು, ದಿನನಿತ್ಯದ ಆಡಳಿತದ ಅಧಿಕಾರ ಅದಕ್ಕೆ ಪೂರ್ಣವಾಗಿಯೇ ಇರುತ್ತದೆ.

ಬದಲಾವಣೆಯ ಅವಧಿಯಲ್ಲಿ ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಚುನಾವಣೆ ಘೋಷಣೆಯಾದ ಕ್ಷಣದಿಂದ ಮಾದರಿ ನೀತಿ ಸಂಹಿತೆ ಜಾರಿಗೆ ಬರುತ್ತದೆ. 2024ರಲ್ಲಿ ಘೋಷಣೆಯಾದದ್ದು ಮಾರ್ಚ್ 16ರಂದು, ಮತ ಎಣಿಕೆ ನಡೆದದ್ದು ಜೂನ್ 4ರಂದು. ಈ ಅವಧಿಯಲ್ಲಿ ಹೊಸ ಯೋಜನೆಗಳ ಘೋಷಣೆ, ಶಂಕುಸ್ಥಾಪನೆಗಳಿಗೆ ನಿರ್ಬಂಧವಿರುತ್ತದೆ. ಈಗಾಗಲೇ ನಡೆಯುತ್ತಿರುವ ಸೇವೆಗಳಿಗೆ ಇದು ಅಡ್ಡಿಯಲ್ಲ. ಪಾಸ್‌ಪೋರ್ಟ್ ಅರ್ಜಿಯನ್ನಾಗಲಿ ಕುಟುಂಬ ಪಿಂಚಣಿಯ ಕಡತವನ್ನಾಗಲಿ ನೀತಿ ಸಂಹಿತೆಯ ಕಾರಣ ಹೇಳಿ ತಡೆಹಿಡಿಯಲು ಆಧಾರವಿಲ್ಲ.

ಹಣದ ವಿಷಯವೂ ಹೀಗೆಯೇ. ಸಂಸತ್ತಿನ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲವಾದುದರಿಂದ, ಚುನಾವಣಾ ವರ್ಷದಲ್ಲಿ ಏಪ್ರಿಲ್ ನಂತರದ ವೇತನ, ಪಿಂಚಣಿಗಳಿಗೆ 116ನೇ ಅನುಚ್ಛೇದದಂತೆ ಮುಂಚಿತವಾಗಿ ಲೇಖಾನುದಾನ ಪಡೆಯಲಾಗುತ್ತದೆ. 2024ರಲ್ಲಿ ಫೆಬ್ರವರಿ 1ರಂದು ಮಧ್ಯಂತರ ಆಯವ್ಯಯವನ್ನೂ, ಚುನಾವಣೆಯ ನಂತರ ಜುಲೈ 23ರಂದು ಪೂರ್ಣ ಆಯವ್ಯಯವನ್ನೂ ಮಂಡಿಸಿದ್ದು ಹೀಗೆ. ಲೋಕಸಭೆಯ ವಿಸರ್ಜನೆಯೊಂದಿಗೆ ವ್ಯಪಗತವಾಗುವುದು ಅಲ್ಲಿ ಬಾಕಿ ಇರುವ ಮತ್ತು ಅಲ್ಲಿ ಅಂಗೀಕಾರವಾಗಿ ರಾಜ್ಯಸಭೆಯಲ್ಲಿ ಬಾಕಿ ಇರುವ ವಿಧೇಯಕಗಳು. ಮಸೂದೆಯ ಹಂತದಲ್ಲಿರುವ ಸೌಲಭ್ಯವನ್ನು ನಂಬಿ ಕಾದಿರುವವರು ಇದನ್ನು ತಿಳಿದಿರಬೇಕು. ಈಗಾಗಲೇ ಕಾನೂನಾಗಿರುವುದಕ್ಕೆ ಧಕ್ಕೆಯಿಲ್ಲ.

ಹೊಸ ಮಂತ್ರಿಮಂಡಲ ಬಂದಾಗ ಕೆಲವೊಮ್ಮೆ ಸಚಿವಾಲಯಗಳೇ ಬದಲಾಗುತ್ತವೆ. 2019ರ ಮೇ ತಿಂಗಳಲ್ಲಿ ಜಲಸಂಪನ್ಮೂಲ ಮತ್ತು ಕುಡಿಯುವ ನೀರಿಗೆ ಸಂಬಂಧಿಸಿದ ಸಚಿವಾಲಯಗಳನ್ನು ಸೇರಿಸಿ ಜಲಶಕ್ತಿ ಸಚಿವಾಲಯ ರಚಿಸಲಾಯಿತು. 2020ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯಕ್ಕೆ ಶಿಕ್ಷಣ ಸಚಿವಾಲಯವೆಂಬ ಹೆಸರು ಬಂದಿತು. ಆಗ ಕಡತವು ವಿಷಯದೊಂದಿಗೆ ಹೊಸ ಸಚಿವಾಲಯಕ್ಕೆ ಹೋಗುತ್ತದೆ. ಅರ್ಜಿ ಸಲ್ಲಿಸಿದಾಗ ದೊರೆತ ಸ್ವೀಕೃತಿ ಸಂಖ್ಯೆಯನ್ನು ಕಾಪಾಡಿಕೊಂಡಿದ್ದರೆ ಅದರ ಜಾಡು ಹಿಡಿಯುವುದು ಸುಲಭ. ಮನವಿ, ಜ್ಞಾಪನ ಪತ್ರಗಳನ್ನು ಅಧಿಕಾರಿಯ ಅಥವಾ ಸಚಿವರ ವೈಯಕ್ತಿಕ ಹೆಸರಿಗೆ ಬರೆಯದೆ ಪದನಾಮಕ್ಕೆ ಬರೆಯುವುದು ಸೂಕ್ತ.

ಕಡತದ ಸ್ಥಿತಿ ತಿಳಿಯಲು 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಸಂಬಂಧಪಟ್ಟ ಕಛೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಮಾಹಿತಿಯು ಬೇರೆ ಪ್ರಾಧಿಕಾರದಲ್ಲಿದ್ದಲ್ಲಿ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಕಾಲಮಿತಿಯಿದ್ದು, ಚುನಾವಣೆ ಅಥವಾ ಮಂತ್ರಿಮಂಡಲದ ಬದಲಾವಣೆಯ ಕಾರಣಕ್ಕಾಗಿ ಈ ಅಧಿನಿಯಮದಲ್ಲಿ ಯಾವ ವಿನಾಯಿತಿಯೂ ಇಲ್ಲ. ಉತ್ತರ ಬಾರದಿದ್ದಲ್ಲಿ ನಂತರದ 30 ದಿನಗಳೊಳಗೆ ಅದೇ ಕಛೇರಿಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ 90 ದಿನಗಳೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿಯನ್ನೂ ಸಲ್ಲಿಸಬಹುದು. ಪಹಣಿ, ಪಡಿತರ ಚೀಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ರಾಜ್ಯ ಸರ್ಕಾರಕ್ಕೆ ಸೇರಿದ ವಿಷಯಗಳಾಗಿದ್ದು, ಅವುಗಳ ಎರಡನೇ ಮೇಲ್ಮನವಿ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗತಕ್ಕದ್ದು.